ಕಿಸೆಯ ರಾಕ್ಷಸರೂ ಸಣ್ಣ ಕಿರುಕುಳಗಳೂ

ಕೆಲವು ವಾರಗಳ ಹಿಂದೆ ಪ್ರಯೋಗಶಾಲೆಯ ಅವಧಿ ಮುಗಿದು ವಿದ್ಯಾರ್ಥಿಗಳೆಲ್ಲರೂ ಹೊರಟುಹೋದ ಮೇಲೆ ಒಬ್ಬಾತ ಮಾತ್ರ ಮೇಜಿನ ಬಳಿಯಲ್ಲೇ ನಿಂತಿದ್ದನು. ಕೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಅನುಮಾನಿಸಿ, ಕಡೆಗೆ, "ಸಾರ್, ನೂರಕ್ಕೆ ನೂರು ಎಂದರೆ ಏನರ್ಥ?" ಎಂದು ಪ್ರಶ್ನಿಸಿದನು. ಅಂಕಪಟ್ಟಿಯ ವಿಷಯವಾಗಿ ಏನೋ ತಕರಾರಿರಬೇಕೆಂದು ನಾವು ಭಾವಿಸಿದೆವು. ಸಂಗತಿ ಬೇರೆ ಇತ್ತು. ಅವನ ಸೋದರಮಾವನು ಬಹಳ ಹಿಂದೆ ಹೊರದೇಶದಿಂದ ತಂದಿದ್ದ ಗೇಮ್ ಬಾಯ್ ಎಂಬ ಕೈಯಂತ್ರವೊಂದು, ಪೋಕೆಮಾನ್ ಆಟದ ಮೊದಲ ಸಂಪುಟದೊಡನೆ, ಈಗ ಅವನ ವಶಕ್ಕೆ ಬಂದಿದೆಯಂತೆ. ಆಟದ ಮಾರ್ಗದರ್ಶಿಗಳಲ್ಲಿ ನೂರಕ್ಕೆ ನೂರು ಗುರಿ ಮುಟ್ಟುವುದೆಂದು ಹೇಳಿರುವ ಹೊಡೆತವೊಂದು, ಎದುರಾಳಿ ತಪ್ಪಿಸಿಕೊಳ್ಳುವ ಯಾವ ಉಪಾಯವನ್ನೂ ಮಾಡದಿದ್ದಾಗ, ಗುರಿ ತಪ್ಪಿತಂತೆ. "ನೂರಕ್ಕೆ ನೂರು ಎಂದ ಮೇಲೆ ತಪ್ಪಬಹುದೇ?" ಎಂಬುದು ಅವನ ಶಂಕೆ.

ಇಂತಹ ಆಟದ ಮಾತಿಗೆ ವಿಜ್ಞಾನದ ಮಾಸಪತ್ರಿಕೆಯಲ್ಲಿ ಸ್ಥಳ ಕೊಡುವುದು ಯುಕ್ತವೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ನಮ್ಮ ವಿದ್ಯಾರ್ಥಿಗಳು ಸಂಭವನೀಯತೆಯ ಪಾಠದಲ್ಲಿ ಎಂದೂ ಕೇಳದ ಪ್ರಶ್ನೆಯನ್ನು ಈ ಆಟ ಕೇಳಿಸಿತು. ನಮ್ಮ ಮಟ್ಟಿಗೆ ಆ ಒಂದು ಕಾರಣವೇ ಸಾಕು. ಅದೂ ಅಲ್ಲದೆ, ಮೂವತ್ತು ವರ್ಷಗಳ ಕಾಲ ಲೋಕದ ನಾನಾ ದೇಶಗಳ ಮಕ್ಕಳ ಬಿಡುವಿನ ವೇಳೆಯನ್ನು ಆಕ್ರಮಿಸಿಕೊಂಡು ಬಂದಿರುವ ವಸ್ತುವೊಂದು ಹೇಗೆ ರಚಿತವಾಗಿದೆ, ಅದರ ಕುಂದುಗಳೇನು, ಆ ಕುಂದುಗಳು ಎಲ್ಲಿಂದ ಬಂದವು ಎಂದು ವಿಚಾರಿಸುವುದು ಅಪ್ರಯೋಜಕವಾಗಲಾರದು.

ಆಟವನ್ನರಿಯದವರಿಗಾಗಿ ಎರಡು ಮಾತು. ಜಪಾನಿನ ಸಾತೋಶಿ ತಾಜಿರಿ ಎಂಬವರು ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಹವ್ಯಾಸದವರು. ಆ ಸಂತೋಷವನ್ನು ಪಟ್ಟಣದ ಮಕ್ಕಳಿಗೂ ಒದಗಿಸಬೇಕೆಂಬ ಆಸೆಯಿಂದ ಅವರ ಗೇಮ್ ಫ್ರೀಕ್ ಸಂಸ್ಥೆ ರಚಿಸಿದ ಆಟವು ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರಕ್ಕಾಗಿ ೧೯೯೬ರ ಫೆಬ್ರವರಿ ೨೭ರಂದು ಜಪಾನಿನಲ್ಲಿ, 'ಕೆಂಪು' ಮತ್ತು 'ಹಸುರು' ಎಂಬ ಎರಡು ರೂಪಗಳಲ್ಲಿ ಹೊರಬಂದಿತು. 'ಪಾಕೆಟ್ ಮಾನ್‌ಸ್ಟರ್', ಅಂದರೆ ಕಿಸೆಯ ರಾಕ್ಷಸ, ಎಂಬ ಹೆಸರಿನ ಸಂಕ್ಷೇಪವೇ ಪೋಕೆಮಾನ್. ಆಟಗಾರನು ಕಾಡುಮೇಡುಗಳಲ್ಲಿ ಅಲೆದು ವಿಚಿತ್ರ ಪ್ರಾಣಿಗಳನ್ನು ಚೆಂಡಿನಂತಹ ಸಾಧನದಲ್ಲಿ ಹಿಡಿದು, ಸಾಕಿ, ಇತರರ ಪ್ರಾಣಿಗಳೊಡನೆ ಕಾದಾಡಿಸುತ್ತಾನೆ. ನಮ್ಮ ದೇಶದ ಮಕ್ಕಳು ಇವನ್ನು ಮೊದಲು ಕಂಡುದು ಹೆಚ್ಚಾಗಿ ಟೆಲಿವಿಷನ್ನಿನ ಚಿತ್ರಮಾಲೆಯಲ್ಲಿ. ಅನಂತರ ೨೦೧೬ರ ಡಿಸೆಂಬರಿನಲ್ಲಿ ಬಂದ ಮೊಬೈಲ್ ಆಟದ ಮೂಲಕ ಇನ್ನೂ ಹಲವರು ಕಂಡರು. ಕಿಸೆಯ ಯಂತ್ರದ ಮೂಲ ಆಟವನ್ನು ಆಡಿದವರು ಇಲ್ಲಿ ಕಡಮೆಯೇ.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಗೇಮ್ ಬಾಯ್ ಯಂತ್ರದ ಗಣಕವು ಎಂಟು ಬಿಟ್‌ಗಳ ಗಣಕ. ಎಂಟು ಬಿಟ್‌ಗಳಲ್ಲಿ, ಅಂದರೆ ಒಂದು ಬೈಟಿನಲ್ಲಿ, ಸೊನ್ನೆಯಿಂದ ೨೫೫ರ ವರೆಗೆ ಒಟ್ಟು ೨೫೬ ಸಂಖ್ಯೆಗಳನ್ನು ಬರೆಯಬಹುದು. ಹೊಡೆತದ ನಿಖರತೆಯನ್ನು ಶೇಕಡಾ ಲೆಕ್ಕದಲ್ಲಿ ಇಡದೆ ಈ ಅಳತೆಗೋಲಿನಲ್ಲಿಯೇ ಇಟ್ಟಿದ್ದರು. 'ನೂರಕ್ಕೆ ನೂರು' ಎಂಬುದಕ್ಕೆ ಸಂಕೇತ, ಬೈಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆಯಾದ ೨೫೫. ಹೊಡೆಯುವ ಸಮಯದಲ್ಲಿ ಗಣಕವು ಸೊನ್ನೆಯಿಂದ ೨೫೫ರ ವರೆಗಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಎತ್ತುತ್ತದೆ. ಆ ಸಂಖ್ಯೆ ನಿಖರತೆಗಿಂತ ಕಿರಿದಾದರೆ ಹೊಡೆತ ತಗಲಿತು, ಇಲ್ಲವಾದರೆ ತಪ್ಪಿತು. ಮೇಲ್ನೋಟಕ್ಕೆ ಸರಿಯೇ. ಆದರೆ ಎತ್ತಿದ ಸಂಖ್ಯೆ ೨೫೫ ಆದಾಗ? ೨೫೫ ಎಂಬುದು ೨೫೫ಕ್ಕಿಂತ ಕಿರಿದಲ್ಲ! ೨೫೬ ಸಲಕ್ಕೆ ಒಂದು ಸಲದಂತೆ, ಖಂಡಿತವೆಂದು ಹೇಳಿದ ಹೊಡೆತವು ಗಾಳಿಗೆ ಹೋಗುತ್ತದೆ. 'ಕಿರಿದು' ಎಂಬಲ್ಲಿ 'ಕಿರಿದು ಅಥವಾ ಸಮ' ಎಂದಿದ್ದರೆ ಈ ದೋಷವಿರುತ್ತಿರಲಿಲ್ಲ.

೨೫೬ರಲ್ಲಿ ಒಂದು ಎಂದರೆ ನೂರಕ್ಕೆ ೦.೩೯. ಇಷ್ಟು ಅಲ್ಪ ಅಂಶವನ್ನು ಯಾರು ಗಮನಿಸಿಯಾರು ಎನ್ನಬಹುದು. ಲೆಕ್ಕ ಹಾಕಿ ನೋಡಿ. ಒಂದೊಂದು ಹೊಡೆತವೂ ತಗಲುವ ಸಂಭವ ೨೫೫/೨೫೬. ಒಂದೂ ತಪ್ಪದೆ ೧೭೭ ಹೊಡೆತಗಳು ತಗಲುವ ಸಂಭವ ಈ ಭಿನ್ನರಾಶಿಯ ೧೭೭ನೆಯ ಘಾತ, ಹೆಚ್ಚುಕಡಮೆ ಅರ್ಧ. ಅಂದರೆ ೧೭೭ ಹೊಡೆತಗಳೊಳಗೆ ಒಮ್ಮೆಯಾದರೂ ಮೋಸಹೋಗುವ ಸಾಧ್ಯತೆ ನಾಣ್ಯ ಚಿಮ್ಮಿದಂತೆ ಸಮಸಮ. ಆಟ ಮುಗಿಸುವಷ್ಟರಲ್ಲಿ ಆಟಗಾರನು ಸಾವಿರಾರು ಸಲ ಹೊಡೆಯುತ್ತಾನೆ. ವಿರಳವಾದ ಘಟನೆಯನ್ನು ಸಾಕಷ್ಟು ಸಲ ಪ್ರಯತ್ನಿಸಿದರೆ ಅದು ವಿರಳವಾಗಿ ಉಳಿಯುವುದಿಲ್ಲ ಎಂಬ ಈ ಮಾತನ್ನು ನಾವು ತರಗತಿಯಲ್ಲಿ ವಿಕಿರಣಶೀಲ ಪರಮಾಣುಗಳ ಕ್ಷಯವನ್ನು ವಿವರಿಸುವಾಗ ಹೇಳುತ್ತೇವೆ, ಹುಡುಗರು ಆಕಳಿಸುತ್ತಾರೆ. ೧೭೭ ಎಂಬುದು ಈ ಹೊಡೆತದ 'ಅರ್ಧಾಯು' ಎಂದು ಆ ವಿದ್ಯಾರ್ಥಿಗೆ ಹೇಳಿದಾಗ ಅವನು ಆಕಳಿಸಲಿಲ್ಲ.

೧೯೯೯ರಲ್ಲಿ ಬಂದ 'ಚಿನ್ನ' ಮತ್ತು 'ಬೆಳ್ಳಿ' ಎಂಬ ಮುಂದಿನ ಆಟಗಳಲ್ಲಿ ಈ ತಪ್ಪನ್ನು ತಿದ್ದಿದರು: ನಿಖರತೆ ೨೫೫ ಆಗಿದ್ದರೆ ಸಂಖ್ಯೆ ಎತ್ತುವ ಗೋಜಿಗೇ ಹೋಗದಂತೆ ವಿಧಿಸಿದರು. ಮೊದಲ ಆಟದಲ್ಲಿ ಇದಕ್ಕೆ ಸೋದರರೂ ಇದ್ದರು. ಪ್ರಾಣಿಯು ಒಂದು ಸರದಿಯನ್ನು ವ್ಯಯಮಾಡಿ 'ಏಕಾಗ್ರತೆ' ತಂದುಕೊಂಡರೆ ಅದರ ಮರ್ಮಾಘಾತದ ಸಂಭವ ಹೆಚ್ಚಬೇಕಷ್ಟೆ? ಮೊದಲ ಆಟದಲ್ಲಿ ಅದು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತಿತ್ತು. ದ್ವಿಮಾನ ಪದ್ಧತಿಯಲ್ಲಿ ಅಂಕಿಗಳನ್ನು ಒಂದು ಸ್ಥಾನ ಎಡಕ್ಕೆ ಸರಿಸಿದರೆ ಸಂಖ್ಯೆ ಇಮ್ಮಡಿಯಾಗುತ್ತದೆ, ಬಲಕ್ಕೆ ಸರಿಸಿದರೆ ಅರ್ಧವಾಗುತ್ತದೆ. ಎಡವಾಗಬೇಕಾದ ಕಡೆ ಬಲವಾಯಿತು. ಇನ್ನೊಂದು: ಮನೋಶಕ್ತಿಯ ಪ್ರಾಣಿಗಳು ಭೂತಗಳಿಗೆ ಹೆದರುತ್ತವೆಂದು ಆಟದೊಳಗಿನ ಪಾತ್ರವೊಂದೇ ಉಪದೇಶ ಮಾಡುತ್ತದೆ, ಆಟದ ಕೋಷ್ಟಕದಲ್ಲಾದರೋ ಭೂತದ ಹೊಡೆತಕ್ಕೆ ಮನೋಶಕ್ತಿಯ ಪ್ರಾಣಿಯ ಮೇಲೆ ಪರಿಣಾಮ ಸೊನ್ನೆ ಎಂದು ಬರೆದಿತ್ತು. ನಂಬಿದ ಬಾಲಕನ ಗತಿಯೇನು?

ನಮ್ಮ ಅಭಿಪ್ರಾಯದಲ್ಲಿ ಇವು ಅತ್ಯಂತ ಸಣ್ಣ ದೋಷಗಳು, ಆದರೆ ಅತ್ಯಂತ ಕೆಟ್ಟ ಜಾತಿಯವು. ನಿಧಾನ, ಬೇಸರ ಮುಂತಾದವನ್ನು ಆಟಗಾರನು ಕಣ್ಣಾರೆ ಕಂಡು ಬೈಯಬಹುದು. ಇಲ್ಲಿ ಹಾಗಲ್ಲ; ಹೇಳಿದ ನಿಯಮ ಒಂದು, ನಡೆಯುವ ನಿಯಮ ಇನ್ನೊಂದು. ಹುಡುಗನು ತನ್ನ ಅವಲೋಕನವನ್ನೇ ಸಂಶಯಿಸತೊಡಗುತ್ತಾನೆ. ನಮ್ಮ ವಿದ್ಯಾರ್ಥಿ ತಾನೇ ಎಲ್ಲೋ ತಪ್ಪಾಗಿ ನೋಡಿರಬೇಕೆಂದು ಎರಡು ವಾರ ಸುಮ್ಮನಿದ್ದನಂತೆ.

ಎಲ್ಲ ಕಿರುಕುಳಗಳೂ ಈ ಬಗೆಯವಲ್ಲ. ಕೆಲವು ಯಂತ್ರದ ಬಡತನದಿಂದ ಹುಟ್ಟಿದವು. ಹಿಡಿದ ಪ್ರಾಣಿಗಳಲ್ಲಿ ಆರನ್ನು ಜೊತೆಯಲ್ಲಿ ಒಯ್ಯಬಹುದು. ಉಳಿದವನ್ನು 'ಪೆಟ್ಟಿಗೆ'ಗಳಲ್ಲಿ ಇಡಬೇಕು. ಮೊದಲ ಆಟದ ಇಂಗ್ಲಿಷ್ ಆವೃತ್ತಿಯಲ್ಲಿ ಇಪ್ಪತ್ತು ಪ್ರಾಣಿಗಳು ಹಿಡಿಯುವ ಹನ್ನೆರಡು ಪೆಟ್ಟಿಗೆಗಳು. ಇಪ್ಪತ್ತು ತುಂಬಿತೆನ್ನಿ. ಮುಂದಿನ ಪೆಟ್ಟಿಗೆ ಖಾಲಿಯಿದ್ದರೂ ಪ್ರಾಣಿ ತಾನಾಗಿ ಅದರೊಳಕ್ಕೆ ಹೋಗದು. ಊರಿಗೆ ಹಿಂದಿರುಗಿ, ಗಣಕದ ಮುಂದೆ ನಿಂತು, ಪೆಟ್ಟಿಗೆಯನ್ನು ಬದಲಿಸಿ, ಆಟವನ್ನು ಉಳಿಸಿ ಬರಬೇಕು. ಬಹಳ ದಿನ ಹುಡುಕಿದ ಪ್ರಾಣಿ ಎದುರಿಗೆ ಬಂದು ನಿಂತಿರುವಾಗ ಪೆಟ್ಟಿಗೆ ತುಂಬಿದೆ, ಚೆಂಡನ್ನು ಎಸೆಯಲಾಗದು ಎಂದು ಯಂತ್ರ ತಿಳಿಸಿದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಹೀಗೇಕೆ ಮಾಡಿದರು? ಒಂದು ಪ್ರಾಣಿಯ ವಿವರಕ್ಕೆ ೩೩ ಬೈಟು, ಅದರ ಅಡ್ಡಹೆಸರಿಗೆ ೧೧, ಒಡೆಯನ ಹೆಸರಿಗೆ ೧೧, ಒಟ್ಟು ೫೫ ಬೈಟು. ಇಪ್ಪತ್ತಕ್ಕೆ ೧,೧೦೦, ಎಣಿಕೆ ಮತ್ತು ಸೂಚಿ ಸೇರಿ ಪೆಟ್ಟಿಗೆಯೊಂದಕ್ಕೆ ೧,೧೨೨ ಬೈಟು. ಸಂಪುಟದೊಳಗಿನ ಉಳಿಕೆಯ ಸ್ಮೃತಿ ೩೨ ಕಿಲೋಬೈಟು ಮಾತ್ರ. ಅದೂ ಎಂಟೆಂಟು ಕಿಲೋಬೈಟಿನ ನಾಲ್ಕು ಕೋಣೆಗಳು. ಗಣಕಕ್ಕೆ ಒಂದು ಸಲಕ್ಕೆ ಒಂದೇ ಕೋಣೆ ಕಾಣುತ್ತದೆ. ಆರಾರು ಪೆಟ್ಟಿಗೆಗಳಂತೆ ಎರಡು ಕೋಣೆಗಳಲ್ಲಿ ತುಂಬಿ, ಸದ್ಯ ಬಳಸುತ್ತಿರುವ ಪೆಟ್ಟಿಗೆಯ ಪ್ರತಿಯನ್ನು ಮಾತ್ರ ಬೇರೆ ಕಡೆ ಕೈಗೆಟಕುವಂತೆ ಇಟ್ಟುಕೊಂಡಿದ್ದರು. ಪೆಟ್ಟಿಗೆ ಬದಲಿಸುವುದೆಂದರೆ ಸಾವಿರ ಬೈಟುಗಳ ಸಾಮಾನು ಸಾಗಾಣಿಕೆ. ನಡುವೆ ವಿದ್ಯುತ್ತು ನಿಂತರೆ ಅನರ್ಥ; ಅದಕ್ಕಾಗಿಯೇ ಉಳಿಸುವ ಕಟ್ಟಳೆ. ಈ ಸಂಪುಟದೊಳಗೆ ಜಾಗ ಎಷ್ಟು ದುರ್ಲಭವಾಗಿತ್ತೆಂದರೆ, ದೋಷಶೋಧನೆಯ ಭಾಗಗಳನ್ನು ತೆಗೆದ ಬಳಿಕ ಉಳಿದ ಸುಮಾರು ೩೦೦ ಬೈಟುಗಳಲ್ಲಿ ಶಿಗೆಕಿ ಮೊರಿಮೊಟೊ ಎಂಬ ರಚನಕಾರರು ೧೫೧ನೆಯ ಪ್ರಾಣಿಯಾದ ಮ್ಯೂ ಎಂಬುದನ್ನು ಕಡೆಯ ಗಳಿಗೆಯಲ್ಲಿ ತುರುಕಿದರು. ಇಂತಹ ಇಕ್ಕಟ್ಟಿನಲ್ಲಿ ಸಂಸಾರ ಮಾಡಿದವರನ್ನು ಪೆಟ್ಟಿಗೆಯ ವಿಷಯಕ್ಕಾಗಿ ಜರೆಯಲು ನಮಗೆ ಮನಸ್ಸು ಬಾರದು. ಆದರೆ ಪೆಟ್ಟಿಗೆ ತುಂಬುತ್ತ ಬಂದಾಗ ಮುಂಚಿತವಾಗಿ ಎರಡು ಮಾತು ಎಚ್ಚರಿಸಲು ಎಷ್ಟು ಬೈಟು ಬೇಕಾಗಿತ್ತು ಎಂದು ಕೇಳಬಹುದು. ೨೦೦೨ರ 'ಮಾಣಿಕ್ಯ' ಮತ್ತು 'ನೀಲ' ಆಟಗಳಲ್ಲಿ, ತುಂಬಿದ ಪೆಟ್ಟಿಗೆಯಿಂದ ಮುಂದಿನದಕ್ಕೆ ಪ್ರಾಣಿ ತಾನಾಗಿಯೇ ಹೋಗುವ ವ್ಯವಸ್ಥೆ ಬಂದಿತು.

ಈ 'ಮಾಣಿಕ್ಯ' ಮತ್ತು 'ನೀಲ'ಗಳ ಹೆಸರು ಬಂದುದರಿಂದ ಗಡಿಯಾರದ ಕಥೆಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ; ಭೌತವಿಜ್ಞಾನದ ಉಪಾಧ್ಯಾಯರಿಗೆ ಇದಕ್ಕಿಂತ ಪ್ರಿಯವಾದ ಭಾಗ ಈ ಆಟದಲ್ಲಿ ಬೇರೆ ಇಲ್ಲ. ೧೯೯೯ರ 'ಚಿನ್ನ'ದ ಆಟದಲ್ಲಿ ಹಗಲು ರಾತ್ರಿಗಳಾಗುವಂತೆ ಸಂಪುಟದೊಳಗೇ ಒಂದು ಗಡಿಯಾರವನ್ನು ಇಟ್ಟರು. ಕೈಗಡಿಯಾರದಲ್ಲಿರುವಂತೆಯೇ ಸೆಕೆಂಡಿಗೆ ೩೨,೭೬೮ ಸಲ ಆಂದೋಲಿಸುವ ಸ್ಫಟಿಕ ಶಿಲೆಯ ತುಣುಕು ಅದರ ಹೃದಯ. ೩೨,೭೬೮ ಎಂಬುದು ಎರಡರ ಹದಿನೈದನೆಯ ಘಾತ. ಹದಿನೈದು ಸಲ ಅರ್ಧಿಸಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ. ಯಂತ್ರ ಆರಿದ್ದಾಗಲೂ ಇದು ಓಡಬೇಕಾದುದರಿಂದ ನಾಣ್ಯದಾಕಾರದ ಸಿಆರ್ ೨೦೨೫ ಎಂಬ ಮೂರು ವೋಲ್ಟಿನ ವಿದ್ಯುತ್‌ಕೋಶವನ್ನು ಅದಕ್ಕೆ ಜೋಡಿಸಿದರು. ಆಟಗಾರನ ಉಳಿಕೆಯೂ, ಅಂದರೆ ಹಿಡಿದ ಪ್ರಾಣಿಗಳು, ಅವುಗಳ ಹೆಸರುಗಳು, ಗೆದ್ದ ಪದಕಗಳು, ಎಲ್ಲವೂ ನಿರಂತರವಾಗಿ ವಿದ್ಯುತ್ತನ್ನು ಬೇಡುವ ಬಗೆಯ ಸ್ಮೃತಿಯಲ್ಲಿ ಅದೇ ಕೋಶದ ಆಶ್ರಯದಲ್ಲಿದ್ದವು.

ಅಂತಹ ಕೋಶದ ಸಾಮರ್ಥ್ಯ ಸುಮಾರು ೧೬೦ ಮಿಲಿಯಾಂಪಿಯರ್-ಗಂಟೆ. ಹತ್ತು ವರ್ಷಗಳಲ್ಲಿ ೮೭,೬೦೦ ಗಂಟೆಗಳು. ಕೋಶವು ಹತ್ತು ವರ್ಷ ಬಾಳಬೇಕಾದರೆ ಸರಾಸರಿ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ೧.೮ ಭಾಗವನ್ನು ಮೀರಕೂಡದು. ಅತ್ಯಲ್ಪವೇ, ಆದರೆ ಸೊನ್ನೆಯಲ್ಲ. ಎಂದಾದರೊಂದು ದಿನ ಕೋಶ ಬರಿದಾಗುವುದು ಶಕ್ತಿನಿತ್ಯತೆಯ ನಿಯಮದಷ್ಟೇ ನಿಶ್ಚಯ. ಗಡಿಯಾರವಿಲ್ಲದ ಮೊದಲ ಆಟದ ಸಂಪುಟಕ್ಕಿಂತ ಗಡಿಯಾರವಿರುವ ಇದರ ಕೋಶ ಹೆಚ್ಚು ದುಡಿಯಬೇಕಾದುದೂ ಸಹಜ. ಇಷ್ಟನ್ನು ತಿಳಿದೂ ಆ ಕೋಶವನ್ನು ಲೋಹದ ಪಟ್ಟಿಗಳಿಂದ ಮಂಡಲಕ್ಕೆ ಬೆಸೆದು, ವಿಶೇಷ ತಿರುಪುಳಿಯಿಂದಲ್ಲದೆ ತೆರೆಯಲಾಗದ ಪೆಟ್ಟಿಗೆಯೊಳಗೆ ಮುಚ್ಚಿದರು. ಕೈದೀಪದ ಸೆಲ್ಲನ್ನು ಬದಲಿಸುವಷ್ಟು ಸುಲಭವಾಗಿ ಬದಲಿಸಲು ಅವಕಾಶವಿಲ್ಲ. ಬೆಸುಗೆ ಬಿಡಿಸಿ ಹೊಸದನ್ನು ಕೂಡಿಸಿದರೂ, ಬಿಡಿಸಿದ ಕ್ಷಣದಲ್ಲಿಯೇ ಹಳೆಯ ಸ್ಮೃತಿ ಅಳಿಸಿಹೋಗುತ್ತದೆ. ಬಾಲಕನೊಬ್ಬನು ಮೂರು ಬೇಸಗೆ ರಜೆಗಳಲ್ಲಿ ಕೂಡಿಟ್ಟ ಸಂಗ್ರಹ ಯಾವ ಮುನ್ಸೂಚನೆಯೂ ಇಲ್ಲದೆ ಇಲ್ಲವಾಗುವುದನ್ನು ಸಣ್ಣ ಕಿರುಕುಳವೆಂದು ಕರೆಯಬೇಕೋ ಬೇಡವೋ ನಾವು ಅರಿಯೆವು. ಕೋಶಕ್ಕೊಂದು ಬಾಗಿಲನ್ನೂ, ಬದಲಾಯಿಸುವಷ್ಟು ಹೊತ್ತು ಸ್ಮೃತಿಯನ್ನು ಹಿಡಿದಿಡುವ ಒಂದು ವಿದ್ಯುತ್ ಧಾರಕವನ್ನೂ ಇಡುವುದು ಆಗಿನ ತಂತ್ರಜ್ಞರಿಗೆ ಅಸಾಧ್ಯವಾದ ಕೆಲಸವೇನೂ ಆಗಿರಲಿಲ್ಲ. ವೆಚ್ಚವಾಗುತ್ತಿತ್ತು, ಅಷ್ಟೆ.

೨೦೦೨ರ ಆಟಗಳಲ್ಲಿ ಉಳಿಕೆಯನ್ನು ವಿದ್ಯುತ್ತಿಲ್ಲದೆಯೂ ಬಾಳುವ ಫ್ಲ್ಯಾಷ್ ಸ್ಮೃತಿಗೆ ವರ್ಗಾಯಿಸಿದರು. ಇದು ನಿಜವಾದ ಪ್ರಗತಿ. ಕೋಶ ಬರಿದಾದರೆ ಗಡಿಯಾರ ಮಾತ್ರ ನಿಲ್ಲುತ್ತದೆ, ಆ ವಿಷಯವನ್ನು ಆಟವೇ ತೆರೆಯ ಮೇಲೆ ತಿಳಿಸುತ್ತದೆ. ಆದರೆ ಇಲ್ಲಿ ಇನ್ನೊಂದು ತಮಾಷೆ ನಡೆಯಿತು. ಈ ಆಟದಲ್ಲಿ ಹಣ್ಣಿನ ಗಿಡಗಳನ್ನು ನೆಟ್ಟು ನಿಜವಾದ ಗಂಟೆಗಳ ಲೆಕ್ಕದಲ್ಲಿ ಫಸಲು ತೆಗೆಯಬಹುದು. ಸಂಪುಟದ ಗಡಿಯಾರವು ೨೦೦೦ದ ಜನವರಿ ೧ರಿಂದ ಎಣಿಕೆಯನ್ನು ಆರಂಭಿಸುತ್ತದೆ. ಕಳೆದ ವರ್ಷಗಳ ದಿನಗಳನ್ನು ಕೂಡುವ ಆವರ್ತದಲ್ಲಿ ರಚನಕಾರರು ಒಂದು ವರ್ಷವನ್ನು, ಮೊದಲನೆಯದಾದ ೨೦೦೦ವನ್ನೇ, ಕೈಬಿಟ್ಟಿದ್ದರು. ಮೊದಲ ವರ್ಷ ಏನೂ ತೊಂದರೆಯಿಲ್ಲ. ಅದರ ೩೬೬ ದಿನಗಳು ಮುಗಿದು ಎರಡನೆಯ ವರ್ಷ ಹುಟ್ಟಿದೊಡನೆ ದಿನಗಳ ಎಣಿಕೆ ಮತ್ತೆ ಒಂದಕ್ಕೆ ಜಾರುತ್ತದೆ. ಈ ದಿನ ೩೬೬ ಎಂದು ಬರೆದುಕೊಂಡಿದ್ದ ಆಟಕ್ಕೆ ಮರುದಿನ ಒಂದು ಎಂದು ಕಂಡರೆ ಕಾಲ ಹಿಂದಕ್ಕೆ ಹೋದಂತಾಯಿತು. ಆಟ ಸುಮ್ಮನೆ ಕುಳಿತು ಕಾಯುತ್ತದೆ. ಸುಮಾರು ಒಂದು ವರ್ಷ ಗಿಡಗಳು ಬೆಳೆಯುವುದಿಲ್ಲ! ತರುವಾಯ ಬಂದ ಆಟಗಳ ಮೂಲಕ ತೇಪೆ ಹಾಕುವ ಏರ್ಪಾಡು ಮಾಡಿದರು. 'ಒಂದಕ್ಕಿಂತ ಹೆಚ್ಚೋ, ಒಂದೂ ಸೇರಿಯೋ' ಎಂಬ ಎಣಿಕೆಯ ಈ ತಪ್ಪು ಮೊದಲು ಹೇಳಿದ ೨೫೫ರ ತಪ್ಪಿಗೆ ಒಡಹುಟ್ಟು. ಹತ್ತು ಮೀಟರಿನ ಬೇಲಿಗೆ ಮೀಟರಿಗೊಂದರಂತೆ ಎಷ್ಟು ಕಂಬ ಬೇಕೆಂದು ಕೇಳಿದರೆ ಹತ್ತು ಎನ್ನುವ ವಿದ್ಯಾರ್ಥಿ ಪ್ರತಿ ವರ್ಷವೂ ನಮಗೆ ಸಿಗುತ್ತಾನೆ; ಅವನನ್ನು ಇನ್ನು ಮುಂದೆ ಅಷ್ಟಾಗಿ ಗದರಿಸುವುದಿಲ್ಲವೆಂದು ನಿಶ್ಚಯಿಸಿದ್ದೇವೆ.

ಇನ್ನು ತೂಕದ ವಿಷಯ. ಇದನ್ನು ಕಿರುಕುಳವೆಂದು ಬೇರೆ ಯಾರೂ ಎಣಿಸಲಿಕ್ಕಿಲ್ಲ. ನಮ್ಮ ವೃತ್ತಿದೋಷವೆಂದು ವಾಚಕರು ಕ್ಷಮಿಸಬೇಕು. ಆಟದಲ್ಲಿ ಒಂದೊಂದು ಪ್ರಾಣಿಗೂ ಎತ್ತರ, ತೂಕಗಳನ್ನು ನಮೂದಿಸಿದ ಕೋಶವೊಂದಿದೆ. ಓನಿಕ್ಸ್ ಎಂಬುದು ಬಂಡೆಗಳನ್ನು ಪೋಣಿಸಿದಂತಿರುವ ಹಾವು: ಉದ್ದ ೮.೮ ಮೀಟರು, ತೂಕ ೨೧೦ ಕಿಲೋಗ್ರಾಂ. ಇದನ್ನು ನಾವು ಮೊದಲ ವರ್ಷದ ತರಗತಿಗೆ ಅಭ್ಯಾಸವಾಗಿ ಕೊಟ್ಟೆವು. ಗ್ರಾನೈಟಿನ ಸಾಂದ್ರತೆ ಘನಮೀಟರಿಗೆ ಸುಮಾರು ೨,೭೦೦ ಕಿಲೋಗ್ರಾಂ. ಹಾಗಾದರೆ ಈ ಹಾವಿನ ಗಾತ್ರ ೦.೦೭೮ ಘನಮೀಟರು, ಅದನ್ನು ೮.೮ ಮೀಟರಿನ ಸಿಲಿಂಡರಾಗಿ ಎಳೆದರೆ ವ್ಯಾಸ ಹತ್ತೂವರೆ ಸೆಂಟಿಮೀಟರು. ಮನುಷ್ಯರನ್ನು ಬೆದರಿಸುವ ಶಿಲಾಸರ್ಪ ನಮ್ಮ ತೋಟಗಳ ನೀರಿನ ಕೊಳವೆಯಷ್ಟು ದಪ್ಪ! ಚಿತ್ರದಲ್ಲಿರುವಂತೆ ಸರಾಸರಿ ಒಂದು ಮೀಟರು ದಪ್ಪವೆಂದು ಹಿಡಿದರೆ ತೂಕ ಹದಿನೆಂಟೂವರೆ ಟನ್ ಆಗಬೇಕು. ಕೊಟ್ಟ ತೂಕವನ್ನೂ ಚಿತ್ರದ ದಪ್ಪವನ್ನೂ ಎರಡನ್ನೂ ನಂಬಿದರೆ ಸಾಂದ್ರತೆ ಘನಮೀಟರಿಗೆ ೩೦ ಕಿಲೋಗ್ರಾಂ, ಬಂಡೆಯಲ್ಲ, ಥರ್ಮೋಕೋಲು.

ತಿಮಿಂಗಿಲದಂತಿರುವ ವೇಲಾರ್ಡ್ ಇನ್ನೂ ವಿಚಿತ್ರ: ಉದ್ದ ೧೪.೫ ಮೀಟರು, ತೂಕ ೩೯೮ ಕಿಲೋಗ್ರಾಂ. ಅದರ ದೇಹವನ್ನು ಐದು ಮೀಟರು ವ್ಯಾಸದ ದೀರ್ಘಗೋಳವೆಂದು ಎಣಿಸಿದರೆ ಸಾಂದ್ರತೆ ಘನಮೀಟರಿಗೆ ಎರಡು ಕಿಲೋಗ್ರಾಂ ಚಿಲ್ಲರೆ. ವ್ಯಾಸ ಏಳು ಮೀಟರೆಂದರೆ ೧.೦೭ಕ್ಕೆ ಇಳಿಯುತ್ತದೆ. ಗಾಳಿಯ ಸಾಂದ್ರತೆ ೧.೨. ಅಂದರೆ ಸ್ವಲ್ಪ ಕೊಬ್ಬಿದರೆ ಸಾಕು, ಸಮುದ್ರದಲ್ಲಿ ಮುಳುಗಬೇಕಾದ ಪ್ರಾಣಿ ಬಲೂನಿನಂತೆ ಆಕಾಶಕ್ಕೇರುತ್ತದೆ. ಮ್ಯಾಗ್‌ಕಾರ್ಗೊ ಎಂಬ ಬಸವನಹುಳುವಿನ ಮೈಯ ಉಷ್ಣತೆ ಸುಮಾರು ೧೦,೦೦೦ ಡಿಗ್ರಿ ಸೆಲ್ಸಿಯಸ್ ಎಂದು ಬರೆದಿದ್ದಾರೆ. ಸೂರ್ಯನ ಮೇಲ್ಮೈ ಸುಮಾರು ೫,೫೦೦. ಇದನ್ನು ಚೆಂಡಿನಲ್ಲಿಟ್ಟು ಕಿಸೆಗೆ ಹಾಕಿಕೊಳ್ಳುವ ಬಾಲಕನ ಅಂಗಿ ಯಾವ ಬಟ್ಟೆಯದೋ.

ಕಟ್ಟುಕಥೆಯಲ್ಲಿ ಇದೆಲ್ಲ ಇರುವುದೇ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೆಂಕಿಯುಗುಳುವ ಹಲ್ಲಿಯನ್ನು ನಾವೂ ಆಕ್ಷೇಪಿಸುವುದಿಲ್ಲ. ಕಥೆಗಾರನು ರಾಕ್ಷಸನನ್ನು ಬೇಕಾದಷ್ಟು ಬೆಳೆಸಲಿ. ಆದರೆ ಕಿಲೋಗ್ರಾಂ ಎಂಬ ಮಾನವನ್ನು ಬಳಸಿ ದಶಮಾಂಶ ಬಿಂದುವಿನ ವರೆಗೆ ಅಂಕಿ ಕೊಟ್ಟೊಡನೆ ಅವನು ನಮ್ಮ ಅಂಗಳಕ್ಕೆ ಕಾಲಿಟ್ಟಂತಾಯಿತು. ಅದೂ ಅಲ್ಲದೆ ಈ ತೂಕಗಳು ಬರಿಯ ಅಲಂಕಾರವಲ್ಲ. ೨೦೦೨ರಿಂದ ಈಚಿನ ಆಟಗಳಲ್ಲಿ ಕೆಲವು ಹೊಡೆತಗಳ ಬಲ ಎದುರಾಳಿಯ ತೂಕವನ್ನು ಅನುಸರಿಸುತ್ತದೆ. ೨೦೦ ಕಿಲೋಗ್ರಾಮಿಗೆ ಮೇಲ್ಪಟ್ಟವಕ್ಕೆ ಅತ್ಯಧಿಕವಾದ ೧೨೦ರ ಬಲ. ಅಂಕಿಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಅಂಕಿಗೆ ಅರ್ಥವಿರಬೇಕು. ಮತ್ತೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಸಾಂದ್ರತೆಯ ಬಗ್ಗೆ ನಮ್ಮ ತರಗತಿ ಎಂದೂ ಇಷ್ಟು ಗಟ್ಟಿಯಾಗಿ ವಾದಮಾಡಿರಲಿಲ್ಲ. ಬಂಡೆಗಳು ಟೊಳ್ಳಾಗಿರಬಹುದೆಂದು ಒಬ್ಬಳು, ಅವು ನೊರೆಗಲ್ಲಾಗಿರಬಹುದೆಂದು ಇನ್ನೊಬ್ಬನು. ನೊರೆಗಲ್ಲಾದರೂ ಇಷ್ಟು ಹಗುರವಲ್ಲ.

ಮೂರನೆಯ ಜಾತಿಯ ಕಿರುಕುಳವೊಂದಿದೆ. ಅದು ಬೇಕೆಂದೇ ಇಟ್ಟದ್ದು. ಕಡಾಬ್ರಾ, ಹಾಂಟರ್, ಮಚೋಕ್, ಗ್ರ್ಯಾವೆಲರ್ ಎಂಬ ನಾಲ್ಕು ಪ್ರಾಣಿಗಳು ಮೊದಲ ಆಟದಲ್ಲಿ ಪೂರ್ಣರೂಪವನ್ನು ತಾಳಬೇಕಾದರೆ ಅವನ್ನು ತಂತಿಯ ಮೂಲಕ ಇನ್ನೊಬ್ಬನ ಯಂತ್ರಕ್ಕೆ ಕಳುಹಿಸಲೇಬೇಕು. ಕೆಲವು ಪ್ರಾಣಿಗಳು 'ಕೆಂಪಿ'ನಲ್ಲಿಲ್ಲ, ಕೆಲವು 'ಹಸುರಿ'ನಲ್ಲಿಲ್ಲ. ಒಬ್ಬನೇ ಕುಳಿತು ಆಡುವವನಿಗೆ ಸಂಗ್ರಹ ಎಂದೂ ಪೂರ್ತಿಯಾಗದು. ಹಲವರು ಇದನ್ನು ದೂರುತ್ತಾರೆ. ನಾವು ದೂರುವುದಿಲ್ಲ. ತಂತಿಯ ಮೇಲೆ ಹುಳುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದುಹೋಗುವಂತೆ ತಾಜಿರಿಯವರು ಕಲ್ಪಿಸಿಕೊಂಡದ್ದೇ ಈ ಆಟದ ಬೀಜ. ಆ ತಂತಿಯ ವೇಗ ಸೆಕೆಂಡಿಗೆ ೮,೧೯೨ ಬಿಟ್, ಅಂದರೆ ಒಂದು ಕಿಲೋಬೈಟು. ಜೊತೆಯಲ್ಲಿರುವ ಪ್ರಾಣಿಯೊಂದರ ವಿವರ ಹೆಸರುಗಳೂ ಸೇರಿ ೬೬ ಬೈಟು. ತಂತಿಯ ವೇಗವನ್ನಷ್ಟೇ ಲೆಕ್ಕ ಹಾಕಿದರೆ ಪಯಣಕ್ಕೆ ಸೆಕೆಂಡಿನ ಹದಿನೈದನೆಯ ಒಂದು ಭಾಗ ಸಾಕು. ತೆರೆಯ ಮೇಲಾದರೋ ಚೆಂಡು ತಂತಿಯೊಳಗೆ ಮೆಲ್ಲಮೆಲ್ಲನೆ ಉರುಳಿಹೋಗುವ ಚಿತ್ರವನ್ನು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತೋರಿಸುತ್ತಾರೆ. ಅಲ್ಲಿ ನಿಧಾನವೇ ರಸ. ಇಬ್ಬರು ಹುಡುಗರು ಅಕ್ಕಪಕ್ಕ ಕುಳಿತು ಅದನ್ನು ನೋಡಬೇಕು. ಇದು ಇರತಕ್ಕ ತೊಡಕು.

ಆದರೆ ರಸವಿಲ್ಲದ ನಿಧಾನವೂ ಇದೆ, ಅದನ್ನು ಸಮರ್ಥಿಸಲಾಗದು. ಚಿಕಿತ್ಸಾಲಯದ ದಾದಿ ನೂರನೆಯ ಸಲವೂ ಮೊದಲ ಸಲದಂತೆಯೇ ಪೂರ್ತಿ ಸ್ವಾಗತವನ್ನು ಹೇಳಿ ಮುಗಿಸುವವರೆಗೆ ಗುಂಡಿ ಒತ್ತುತ್ತ ನಿಲ್ಲಬೇಕು. ಪ್ರಾಣಿ ಹಿಡಿಯುವುದು ಹೇಗೆಂಬ ಪಾಠವನ್ನು ಇಪ್ಪತ್ತು ವರ್ಷ ಆಡಿದವನೂ ಪ್ರತಿ ಹೊಸ ಆಟದಲ್ಲಿ ಮತ್ತೆ ಕೇಳಬೇಕು. ಬಲಹೀನವಾದ ಪ್ರಾಣಿ ಉಳಿದಿರುವಷ್ಟು ಹೊತ್ತೂ ಹಳೆಯ ಆಟಗಳು ಕಿವಿಯಲ್ಲಿ ಕೀಚುಗುಟ್ಟುತ್ತವೆ. ಮರ ಕಡಿಯಲು, ನೀರಿನ ಮೇಲೆ ಹೋಗಲು, ಗುಹೆಯಲ್ಲಿ ಬೆಳಕು ಮಾಡಲು ಪ್ರಾಣಿಗೆ ಪ್ರತ್ಯೇಕ ವಿದ್ಯೆಗಳನ್ನು ಕಲಿಸಬೇಕಾಗಿತ್ತು. ಪ್ರಾಣಿಗೆ ನಾಲ್ಕೇ ವಿದ್ಯೆ ನೆನಪಿರುತ್ತದೆ, ಮೊದಲ ಆಟದಲ್ಲಿ ಇವನ್ನು ಮರೆಸಲು ಉಪಾಯವೇ ಇರಲಿಲ್ಲ. ಆದಕಾರಣ ಆಟಗಾರರು ಕಾದಾಟಕ್ಕೆ ಬಾರದ ಪ್ರಾಣಿಯೊಂದನ್ನು ಕೂಲಿಯಾಳಿನಂತೆ ಹಿಂದಿಟ್ಟುಕೊಂಡು ತಿರುಗಿದರು. ಮೊದಲು ಐದು ಇದ್ದ ಈ ವಿದ್ಯೆಗಳು ೨೦೦೨ರ ವೇಳೆಗೆ ಎಂಟಾದವು. ಇವನ್ನು ಕೈಬಿಡಲು ೨೦೧೬ರ 'ಸೂರ್ಯ' ಮತ್ತು 'ಚಂದ್ರ' ಆಟಗಳು ಬರಬೇಕಾಯಿತು, ಇಪ್ಪತ್ತು ವರ್ಷ! ಇಷ್ಟು ಕಾಲ ತೆಗೆದುಕೊಂಡದ್ದಕ್ಕೆ ಸ್ಮೃತಿಯ ಕೊರತೆಯೂ ಗಣಕದ ವೇಗವೂ ಕಾರಣವಲ್ಲ. ಹಿಂದಿನಿಂದ ಬಂದದ್ದು ಎಂಬ ಒಂದೇ ಕಾರಣ.

ತಿದ್ದಿದ ತಪ್ಪನ್ನು ಮತ್ತೆ ಕರೆತರುವುದೂ ಉಂಟು. ವಿದ್ಯೆ ಕಲಿಸುವ ಯಂತ್ರಗಳು ಮೊದಲು ಒಂದು ಸಲ ಬಳಸಿದರೆ ಮುಗಿದುಹೋಗುತ್ತಿದ್ದವು. ಹುಡುಗರು ಅವನ್ನು ಬಳಸಲು ಹೆದರಿ ಆಟ ಮುಗಿಯುವವರೆಗೂ ಗಂಟುಕಟ್ಟಿ ಇಡುತ್ತಿದ್ದರು. ೨೦೧೦ರಲ್ಲಿ ಅವನ್ನು ಅಕ್ಷಯವಾಗಿ ಮಾಡಿದರು, ಎಲ್ಲರೂ ಮೆಚ್ಚಿದರು. ೨೦೨೨ರ ಆಟಗಳಲ್ಲಿ ಅವು ಮತ್ತೆ ಒಂದೇ ಬಳಕೆಗೆ ಮುಗಿಯತೊಡಗಿದವು, ಸಾಮಗ್ರಿ ಕೂಡಿಸಿ ಮತ್ತೆ ತಯಾರಿಸಿಕೊಳ್ಳಬೇಕು. ಸೋರುವ ಮಾಡನ್ನು ಒಮ್ಮೆ ಹೊದಿಸಿ, ಮನೆಯವರಿಗೆ ಪಾತ್ರೆ ಇಡುವ ಅಭ್ಯಾಸ ತಪ್ಪಿಹೋದೀತೆಂದು ಹೆಂಚು ತೆಗೆದಂತೆ ಇದು ನಮಗೆ ಕಾಣುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಕೊರೆಯುವುದು ಪ್ರಾಣಿಗಳ ಪರಂಪರೆಯ ಪ್ರಶ್ನೆ. ೧೯೯೬ರ ಆಟದಿಂದ ೧೯೯೯ರ ಆಟಕ್ಕೆ ತಂತಿಯ ಮೂಲಕ ಪ್ರಾಣಿಗಳನ್ನು ಒಯ್ಯಬಹುದಾಗಿತ್ತು. ೨೦೦೨ರಲ್ಲಿ ವಿವರಗಳನ್ನು ಬರೆಯುವ ಕ್ರಮವೇ ಬದಲಾಗಿ ಆ ದಾರಿ ಮುಚ್ಚಿತು. ಮೊದಲ ಸಂಪುಟಗಳಲ್ಲಿನ ಪ್ರಾಣಿಗಳು ಅಲ್ಲಿಯೇ, ಬರಿದಾಗುತ್ತಿರುವ ಕೋಶಗಳೊಡನೆ, ಉಳಿದವು. ಅಲ್ಲಿಂದೀಚಿನವಕ್ಕೆ ಒಂದು ಯಂತ್ರದಿಂದ ಮುಂದಿನದಕ್ಕೆ ಸಾಗುವ ದಾರಿಯಿದೆಯಾದರೂ ನಡುವಿನ ಸೇತುವೆಗಳಲ್ಲಿ ಒಂದಾದ 'ಪೋಕೆಮಾನ್ ಬ್ಯಾಂಕ್' ಎಂಬುದನ್ನು ೨೦೧೩ರ ಕಾಲದ ಆ ಯಂತ್ರಕ್ಕೆ ಹೊಸದಾಗಿ ಇಳಿಸಿಕೊಳ್ಳಲು ೨೦೨೩ರ ಮಾರ್ಚಿನಿಂದ, ಅದರ ಅಂಗಡಿ ಮುಚ್ಚಿದುದರಿಂದ, ಅವಕಾಶ ತಪ್ಪಿದೆ. ಹಳೆಯ ಗ್ರಂಥವನ್ನು ಓದಲು ಕಣ್ಣು ಸಾಕು. ಇಲ್ಲಿ ಯಂತ್ರ ಬೇಕು, ತಂತಿ ಬೇಕು, ಅಂಗಡಿ ತೆರೆದಿರಬೇಕು, ಕೋಶದಲ್ಲಿ ವಿದ್ಯುತ್ತಿರಬೇಕು.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಮೇಲಿನ ೨೫೬ರ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆವು. ಅವನು ತಲೆದೂಗಿದನು, ಆದರೆ ನಂಬಿದಂತೆ ಕಾಣಲಿಲ್ಲ. ಕಳೆದ ವಾರ ಗೆರೆ ಎಳೆದ ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟನು. ನೂರಕ್ಕೆ ನೂರೆಂಬ ಹೊಡೆತವನ್ನೇ ಮತ್ತೆ ಮತ್ತೆ ಹೊಡೆದು, ಐದೈದು ಗೀಟುಗಳ ಕಟ್ಟುಗಳಾಗಿ ಐನೂರು ಗೀಟು ಎಳೆದಿದ್ದಾನೆ. ತಪ್ಪಿದ ಕಡೆ ಕೆಂಪು ಮಸಿ. ನಮ್ಮ ಲೆಕ್ಕದಂತೆ ಎರಡು ತಪ್ಪಬೇಕು. ಅವನ ಹಾಳೆಯಲ್ಲಿ ಮೂರು ಇವೆ. ಹೆಚ್ಚಿನ ಆ ಒಂದು ಆಕಸ್ಮಿಕವೋ, ಅಥವಾ ಯಂತ್ರದ ಯಾದೃಚ್ಛಿಕ ಸಂಖ್ಯೆಗಳೇ ಸಮವಾಗಿ ಬೀಳುತ್ತಿಲ್ಲವೋ ಎಂದು ಕೇಳಿದನು. ಐನೂರರಿಂದ ಹೇಳಲಾಗದು, ಐದು ಸಾವಿರವಾಗಲಿ ಎಂದೆವು. ಹಾಳೆಯನ್ನು ಮಡಿಸಿ ಕಿಸೆಗಿಟ್ಟುಕೊಂಡು ಹೋದನು.